ಕಾರು ಮಲಗಿದೆ, ಎಬ್ಬಿಸಬೇಡಿ

ನಮ್ಮ ಕಾರು ವಾರಕ್ಕೊಮ್ಮೆ ಸಾಯುತ್ತಿತ್ತು. ಭಾನುವಾರ ಚೆನ್ನಾಗಿ ಓಡಾಡಿ ಬಂದು ನಿಂತದ್ದು ಮುಂದಿನ ಶನಿವಾರ ಕೀ ತಿರುಗಿಸಿದರೆ ‘ಕಟ ಕಟ ಕಟ’ ಅನ್ನುತ್ತಿತ್ತು, ಅಷ್ಟೇ.

ಮೊದಲ ಸಲದ್ದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಪಾರ್ಕಿಂಗ್ ಲೈಟ್ ಆರಿಸದೇ ಇಳಿದು ಹೋಗಿದ್ದೆ. ಪಕ್ಕದ ಮನೆಯವರ ಕಾರಿನಿಂದ ಕರೆಂಟು ಸಾಲ ಪಡೆದು ಸ್ಟಾರ್ಟ್ ಮಾಡಿದ್ದಾಯಿತು. ಅವರ ಜಂಪರ್ ಕೇಬಲ್ ಕಂಡು ಆಸೆಯಾಗಿ ಮರುದಿನವೇ ನಾನೂ ಒಂದು ದಪ್ಪನೆಯದನ್ನು ಕೊಂಡು ಕಾರಿನಲ್ಲಿಟ್ಟೆ. ಒಳ್ಳೇದೇ ಆಯಿತು. ಆಮೇಲೆ ವಾರ ವಾರವೂ ಅದು ಕೆಲಸಕ್ಕೆ ಬಂತು! ನನ್ನ ಮುಂದಾಲೋಚನೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ‘ಬ್ಯಾಟರಿಗೆ ವಯಸ್ಸಾಯ್ತು ಸಾರ್’ ಎಂದ. ಹೊಸದು ಹಾಕಿಸಿದೆ. ಅದಕ್ಕೂ ಆರೇ ದಿನದಲ್ಲಿ ವಯಸ್ಸಾಯಿತು.

ಇನ್ನು ನಾನೇ ನೋಡಿಕೊಳ್ಳಬೇಕು ಎಂದು ಕರೆಂಟು ಅಳೆಯುವ ಮಲ್ಟಿಮೀಟರ್ ತಂದೆ. ಇಂಜಿನ್ ಓಡುವಾಗ 14.2 ವೋಲ್ಟ್. ಅಂದರೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ನಮ್ಮದು ಮೂರನೇ ದಿನಕ್ಕೇ 12ರ ಕೆಳಗೆ ಇಳಿದಿತ್ತು. ತುಂಬುವವರು ತುಂಬುತ್ತಿದ್ದಾರೆ, ಯಾರೋ ಕದ್ದು ಕುಡಿಯುತ್ತಿದ್ದಾರೆ.

ಕಳ್ಳನನ್ನು ಹಿಡಿಯಲು ನೆಗೆಟಿವ್ ಕೇಬಲ್ ಬಿಚ್ಚಿ, ಬ್ಯಾಟರಿಗೂ ಕೇಬಲ್‌ಗೂ ನಡುವೆ ಮೀಟರ್ ಕೂರಿಸಬೇಕು. ಕೂರಿಸಿದೆ. ಕಾರಿಗೆ ಕರೆಂಟು ಹೋಗ್ತಿದೆಯಾ ಅಂತ ಸುಮ್ನೆ ಒಂದು ಸಲ ಕೀ ತಿರುಗಿಸಿದೆ. ಸ್ಟಾರ್ಟರ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಆಸಾಮಿ. ನನ್ನ ಮೀಟರ್ ತಡೆಯುವುದು 10. ಅದರೊಳಗಿನ ಫ್ಯೂಸ್ ಸದ್ದಿಲ್ಲದೆ ಪ್ರಾಣ ಬಿಟ್ಟಿತು. ಈಗ ಮನೆಯಲ್ಲಿ ಕೆಟ್ಟವು ಎರಡಾದವು.

ಮೀಟರ್‌ಗೆ ಹೊಸ ಫ್ಯೂಸ್ ಹಾಕಿ ಮತ್ತೆ ಕೂತೆ. ಇಲ್ಲೇ ಗೊತ್ತಾಗಿದ್ದು, ಈಗಿನ ಕಾರುಗಳು ಕೀ ತೆಗೆದ ತಕ್ಷಣ ಮಲಗುವುದಿಲ್ಲ ಅಂತ. ಒಳಗಿನ ಪುಟ್ಟ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆಗೆ ಜಾರಲು ಅರ್ಧ ಗಂಟೆಯಾದರೂ ಬೇಕಾಗಬಹುದು. ಅಲ್ಲಿಯವರೆಗೆ ಮೀಟರ್ ಏನು ಹೇಳಿದರೂ ನಂಬುವ ಹಾಗಿಲ್ಲ. ಬಾಗಿಲು ತೆಗೆದರೆ ಎಲ್ಲವೂ ಎದ್ದು ಕೂರುತ್ತವೆ. ತೊಟ್ಟಿಲ ಮಗುವೇ ವಾಸಿ.

ಇಪ್ಪತ್ತೈದು ನಿಮಿಷ ಉಸಿರು ಬಿಗಿಹಿಡಿದು ಕಾದೆ. ಅಂಕಿ ಇಳಿಯುತ್ತಾ ಬಂತು. ಅಷ್ಟರಲ್ಲಿ ನನ್ನ ಹೆಂಡತಿ ಬಂದು ಹಿಂದಿನ ಬಾಗಿಲು ತೆಗೆದು ಕೊಡೆ ಎತ್ತಿಕೊಂಡಳು.

‘ಅಯ್ಯೋ, ಈಗ ತಾನೇ ಮಲಗಿತ್ತು ಕಣೇ!’

‘ಯಾರು?’

ಉತ್ತರ ಹೇಳಲು ನಾಚಿಕೆಯಾಯಿತು.

ಮತ್ತೆ ಮೊದಲಿಂದ. ಫ್ಯೂಸ್ ಪೆಟ್ಟಿಗೆ ಇರುವುದು ಸ್ಟೀರಿಂಗ್ ಕೆಳಗೆ. ಹಾಗಾಗಿ ಬಾಗಿಲು ತೆಗೆದೇ ಇರಬೇಕು, ಆದರೆ ಕಾರಿಗೆ ಅದು ಗೊತ್ತಾಗಬಾರದು. ಬಾಗಿಲಿನ ಲಾಕಿಗೆ ಸ್ಕ್ರೂಡ್ರೈವರ್ ಒತ್ತಿ, ಮುಚ್ಚಿದೆ ಎಂದು ನಂಬಿಸಿದೆ. ಮಲಗಿತು. ಮೀಟರ್ 430 ಮಿಲಿ ಆಂಪಿಯರ್‌ನಲ್ಲಿ ನಿಂತುಬಿಟ್ಟಿತು. ಸಾಮಾನ್ಯವಾಗಿ 50ರ ಒಳಗಿರಬೇಕು. ಈ ಲೆಕ್ಕದಲ್ಲಿ ದಿನಕ್ಕೆ 10 ಆಂಪಿಯರ್ ಅವರ್ ಖರ್ಚು. 35 ಆಂಪಿಯರ್ ಅವರ್ ಮಾತ್ರ ಹಿಡಿಸುವ ನಮ್ಮ ಬ್ಯಾಟರಿ ಶನಿವಾರ ಕಾಣುವುದಾದರೂ ಹೇಗೆ?

ಒಂದೊಂದೇ ಫ್ಯೂಸ್ ಕಿತ್ತೆ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ನನ್ನ ಗುಮಾನಿಯೆಲ್ಲ ಸ್ಟೀರಿಯೋ ಮೇಲೆ. ಪಾಪ, ಅದು ನಿರಪರಾಧಿ. ಹಾರ್ನ್, ವೈಪರ್ ಎಲ್ಲವೂ ಸಭ್ಯಸ್ಥರು. ಒಳಗಿನ ದೀಪಗಳ ಫ್ಯೂಸ್ ಕಿತ್ತಾಗ ಮಾತ್ರ 430 ಇದ್ದದ್ದು 30ಕ್ಕೆ ಬಿತ್ತು. ಆದರೆ ಒಂದು ದೀಪವೂ ಉರಿಯುತ್ತಿಲ್ಲವಲ್ಲ! ಇರುವ ಗಾಜುಗಳಿಗೆಲ್ಲ ಮೂಗು ಒತ್ತಿ ನೋಡಿದೆ.

ರಾತ್ರಿ ಕತ್ತಲಲ್ಲಿ ಮತ್ತೆ ಇಣುಕಿದೆ. ಡ್ಯಾಶ್‌ಬೋರ್ಡಿನ ಸಾಮಾನು ಪೆಟ್ಟಿಗೆ, ಅಂದರೆ ಗ್ಲೋವ್ ಬಾಕ್ಸಿನ ಮುಚ್ಚಳದ ಅಂಚಲ್ಲಿ ಕೂದಲೆಳೆಯಷ್ಟು ಬೆಳಕು. ಒಳಗೆ 5 ವ್ಯಾಟಿನ ಬಲ್ಬು ಹಗಲು ರಾತ್ರಿ ಉರಿಯುತ್ತಿತ್ತು. ಒಳಗೆ ತುರುಕಿದ ವಸ್ತುವೊಂದು ಮುಚ್ಚಳವನ್ನು ಪೂರ್ತಿ ಕೂರಲು ಬಿಟ್ಟಿರಲಿಲ್ಲ. ದೀಪ ಆರಿಸುವ ಸ್ವಿಚ್ ಒತ್ತಿಕೊಳ್ಳುತ್ತಲೇ ಇರಲಿಲ್ಲ.

ಆ ವಸ್ತು ನನ್ನ ಜಂಪರ್ ಕೇಬಲ್.

ಹೆಂಡತಿಗೆ ಹೇಳದೇ ಇರಬಹುದಿತ್ತು. ಹೇಳಿಬಿಟ್ಟೆ. ಅವಳು ನಗು ಮುಗಿಸಲು ಕಾರು ಮಲಗುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಕೇಬಲನ್ನು ಡಿಕ್ಕಿಗೆ ಸಾಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಕೇಳಿದಳು, ‘ಡಿಕ್ಕಿಯಲ್ಲೂ ಒಂದು ಲೈಟ್ ಇದೆ ಅಲ್ವಾ? ಮುಚ್ಚಿದ ಮೇಲೆ ಅದು ಆರುತ್ತೆ ಅಂತ ನೀವು ನೋಡಿದ್ದೀರಾ?’

ನೋಡಿರಲಿಲ್ಲ. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿದೆ. ಐದು ನಿಮಿಷ ಕಾದು ತೆಗೆದೆ. ಫೋನ್ ಆಫ್ ಆಗಿತ್ತು. ಬ್ಯಾಟರಿ ಖಾಲಿ.