ಅಡ್ಡಡ್ಡ ಇಳಿದ ಮೆಟ್ಟಿಲು

ಲಾಲ್‌ಬಾಗ್ ಮೆಟ್ರೋ ಸ್ಟೇಷನ್‌ನಲ್ಲಿ ಕಂಬಿ ಹಿಡಿದು ಅಡ್ಡಡ್ಡವಾಗಿ ಮೆಟ್ಟಿಲು ಇಳಿಯುತ್ತಿದ್ದೆ. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ನನ್ನನ್ನು ದಾಟಿ ಮುಂದೆ ಹೋದರು. ಹೋದವರು ತಿರುಗಿ ನೋಡಿ, "ಲಿಫ್ಟ್ ಇದೆಯಲ್ಲಪ್ಪಾ" ಅಂದರು. ನನಗೆ 38 ವರ್ಷ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ 10 ಕಿಲೋಮೀಟರ್ ಓಟ ಮುಗಿಸಿ, ಮೆಡಲ್ ಹಾಕಿಕೊಂಡು ಇಲ್ಲೇ ಫೋಟೋ ಹಾಕಿದ್ದೆ. ನೀವೂ ಲೈಕ್ ಒತ್ತಿದ್ದಿರಿ.

ತಪ್ಪು ನನ್ನದೇ. ಮೆಡಲ್ ಬಂದ ಹುರುಪಿನಲ್ಲಿ ಹಾಫ್ ಮ್ಯಾರಥಾನ್‌ಗೆ, ಅಂದರೆ 21 ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟೆ. ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದವನು ಮೂರೇ ವಾರದಲ್ಲಿ 45ಕ್ಕೆ ಹೋದೆ. ಮೊದಲು ಎಡ ಮಂಡಿಚಿಪ್ಪಿನ ಸುತ್ತ ಏನೋ ಚುರುಚುರು. ಆಮೇಲೆ ಮೆಟ್ಟಿಲು ಇಳಿದರೆ ನೋವು, ಕುಕ್ಕರಗಾಲಲ್ಲಿ ಕೂತರೆ ನೋವು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕ್ಲಚ್ ತುಳಿದ ಮೇಲಂತೂ ಕಾರಿನಿಂದ ಇಳಿಯೋಕೇ ಆಗುತ್ತಿರಲಿಲ್ಲ.

ಸಲಹೆಗೇನು ಬರ? ಅಮ್ಮ ಹರಳೆಣ್ಣೆ ಬಿಸಿ ಮಾಡಿ ತಂದಳು. ಆಫೀಸಿನವರು ಮಂಡಿಗೆ ನೀ-ಕ್ಯಾಪ್ ಪಟ್ಟಿ ಹಾಕು ಅಂದರು. ಜೊತೆಗೆ ಓಡುವವರು "ಓಡ್ತಾ ಓಡ್ತಾ ಸರಿಹೋಗುತ್ತೆ ಗುರು" ಅಂದರು. ಒಬ್ಬ ಡಾಕ್ಟರ್ ಎರಡು ನಿಮಿಷದಲ್ಲಿ "ಓಟ ಬಿಟ್ಟುಬಿಡಿ" ಅಂದು ಮುಂದಿನವರನ್ನು ಕರೆದರು. ನಾನು ಎರಡು ವಾರ ಸುಮ್ನೆ ಕೂತೆ. ನೋವು ಹೋಯ್ತು. ಖುಷಿಯಾಗಿ ಕಬ್ಬನ್ ಪಾರ್ಕಿಗೆ ಹೋದೆ. ಮೂರನೇ ಕಿಲೋಮೀಟರಿಗೆ ಅದೇ ಜಾಗದಲ್ಲಿ ಅದೇ ನೋವು. ಅವತ್ತು ಬಿದಿರು ಮೆಳೆ ಹತ್ತಿರ ಬೆಂಚಿನ ಮೇಲೆ ಕೂತು ನಿಜಕ್ಕೂ ಅಳು ಬಂತು.

ಕೊನೆಗೆ ಸಿಕ್ಕ ಫಿಸಿಯೋ ಹುಡುಗಿ ಮಂಡಿ ಮುಟ್ಟಿ ನೋಡಿದ್ದು ಸ್ವಲ್ಪ ಹೊತ್ತು. ಆಮೇಲೆ ಕನ್ನಡಿ ಮುಂದೆ ಒಂದು ಮರದ ಮೆಟ್ಟಿಲಿಟ್ಟು, "ಎಡಗಾಲ ಮೇಲೆ ನಿಂತು ಬಲಗಾಲು ನಿಧಾನವಾಗಿ ಕೆಳಗಿಡಿ ಸರ್" ಅಂದಳು. ಕನ್ನಡಿಯಲ್ಲಿ ನೋಡಿದೆ. ಮಂಡಿ ಪಾದದ ನೇರಕ್ಕೆ ನಿಲ್ಲದೆ ಹೆಬ್ಬೆರಳು ದಾಟಿ ಒಳಗೆ ವಾಲುತ್ತಿತ್ತು. ಸೊಂಟದ ಪಕ್ಕದ ಸ್ನಾಯು ಹಿಡಿದಿಡಬೇಕಿತ್ತು, ಅದಕ್ಕೆ ಶಕ್ತಿಯೇ ಇಲ್ಲ. ಮಂಡಿಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನಂಥ ಜಾಗದಲ್ಲಿ ಜಾರುತ್ತೆ. ಮೆಟ್ಟಿಲು ಇಳಿಯುವಾಗ ಅಲ್ಲಿ ಬೀಳುವ ಒತ್ತಡ ನಮ್ಮ ತೂಕದ ಎಷ್ಟೋ ಪಟ್ಟು. ದಿಢೀರ್ ಅಂತ ಓಟ ಜಾಸ್ತಿ ಮಾಡಿದರೆ ಅದು ಸುಮ್ಮನಿರುತ್ತಾ?

ಚಿಕಿತ್ಸೆ ಅಂದರೆ ಬರೀ ಬೋರು. ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕೆ ನಡೆಯೋದು, ಗೋಡೆಗೆ ಒರಗಿ ಕೂರೋದು, ಮೆಟ್ಟಿಲ ಮೇಲೆ ನಿಂತು ಮೂರು ಎಣಿಸುತ್ತಾ ಇಳಿಯೋದು. 10ಕ್ಕೆ ಎರಡೋ ಮೂರೋ ಅನ್ನುವಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ದಿನ ಬೆಳಿಗ್ಗೆ ಹೋಗಿರಬೇಕು ಅನ್ನೋದು ಲೆಕ್ಕ. ಆರು ವಾರದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಜ್ಜೆ ಚಿಕ್ಕದು, ಬೇಗ ಬೇಗ. ಉದ್ದ ಹೆಜ್ಜೆ ಹಾಕಿದಷ್ಟೂ ಮಂಡಿಗೆ ಪೆಟ್ಟು ಜಾಸ್ತಿ. (ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡರೆ, ಕುಸಿದರೆ ಕಥೆ ಬೇರೆ. ಮೊದಲು ಡಾಕ್ಟರ್ ಹತ್ತಿರ ಹೋಗಿ.)

"ಓಡಿದರೆ ಮಂಡಿ ಸವೆಯುತ್ತೆ" ಅನ್ನುವ ಮಾತು ಕೇಳಿದರೆ ಈಗ ನನಗೆ ಸಿಟ್ಟು ಬರುತ್ತೆ. ಹವ್ಯಾಸಕ್ಕೆ ಓಡುವವರಿಗೆ ಕೂತೇ ಇರುವವರಿಗಿಂತ ಮಂಡಿಸವೆತ ಜಾಸ್ತಿ ಅಂತ ಅಧ್ಯಯನಗಳೇನೂ ಹೇಳಿಲ್ಲ. ನೋವಿದ್ದರೂ ಓಡು ಅನ್ನುವ ಗಂಡೆದೆಯವರ ಮೇಲೆ ಇನ್ನೂ ಜಾಸ್ತಿ ಸಿಟ್ಟು. ಇಬ್ಬರೂ ಮಂಡಿ ಬಗ್ಗೆ ಮಾತಾಡ್ತಾರೆ, ಸೊಂಟ ಯಾರಿಗೂ ಬೇಡ.

ಹೋದ ಭಾನುವಾರ ನಿಲ್ಲದೆ 5 ಕಿಲೋಮೀಟರ್ ಓಡಿದೆ, 41 ನಿಮಿಷ. ಮನೆಗೆ ಬಂದು ಮೆಟ್ಟಿಲಲ್ಲಿ ವ್ಯಾಯಾಮ ಮಾಡುವಾಗ, ಎರಡು ವರ್ಷದಿಂದ ಮಂಡಿನೋವು ಅನ್ನುತ್ತಿರುವ ಅಮ್ಮನೂ ಗೋಡೆ ಹಿಡಿದು ಪಕ್ಕದಲ್ಲಿ ನಿಂತಳು. ಸೀರೆ ಸ್ವಲ್ಪ ಎತ್ತಿ ಕಾಲು ಕೆಳಗಿಟ್ಟಳು. ಅವಳ ಎಡ ಮಂಡಿಯೂ ಒಳಗೇ ವಾಲುತ್ತೆ.