ಕ್ಯಾಥರಿನ್ ‘ಗಂಡು ಹೆರಲಿಲ್ಲ’ ಅನ್ನಬೇಡಿ

ಇಂಗ್ಲೆಂಡಿನ ಎಂಟನೇ ಹೆನ್ರಿಯ ಮಾತು ಬಂದಾಗಲೆಲ್ಲ ಅದೇ ರಾಗ: ಮೊದಲ ರಾಣಿ ಕ್ಯಾಥರಿನ್ ಗಂಡು ಹೆರಲಿಲ್ಲ, ಅದಕ್ಕೇ ಬಿಟ್ಟ. ತಪ್ಪು. ಹೆತ್ತಿದ್ದಳು. ಆ ಕೂಸು 52 ದಿನ ಬದುಕಿತ್ತು. ಅದಕ್ಕೂ ಅಪ್ಪನ ಹೆಸರೇ, ಹೆನ್ರಿ.

1510ರ ಜನವರಿ ಕೊನೆಗೆ ಅವಳಿಗೆ ಹೆಣ್ಣು ಕೂಸು ದಿನ ತುಂಬದೆ ಸತ್ತು ಹುಟ್ಟಿತ್ತು. ವರ್ಷ ತುಂಬುವ ಮೊದಲೇ, 1511ರ ಜನವರಿ 1ರಂದು, ರಿಚ್ಮಂಡ್ ಅರಮನೆಯಲ್ಲಿ ಈ ಗಂಡು. ಅಪ್ಪನಿಗೆ 19, ಅಮ್ಮನಿಗೆ 25. ಜನವರಿ 5ಕ್ಕೆ ದೀಕ್ಷಾಸ್ನಾನ. ಫ್ರಾನ್ಸಿನ ದೊರೆ 12ನೇ ಲೂಯಿ ಜ್ಞಾನಪಿತ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವ. ರಾಜ ಮೇರಿಮಾತೆಗೆ ಕೃತಜ್ಞತೆ ಸಲ್ಲಿಸಲು ವಾಲ್ಸಿಂಗ್‌ಹ್ಯಾಮ್ ಕ್ಷೇತ್ರಕ್ಕೆ ಹೋಗಿಬಂದ.

ಈ ಮಗುವನ್ನು ‘ವೇಲ್ಸ್ ಯುವರಾಜ’ ಎಂದು ಬರೆಯುವವರೂ ಇದ್ದಾರೆ. ಆ ಪದವಿಯನ್ನು ರಾಜನೇ ಕೊಡಬೇಕು. ಕಾರ್ನ್‌ವಾಲ್ ಡ್ಯೂಕ್ ಪಟ್ಟ ಹಾಗಲ್ಲ. 1337ರ ಸನ್ನದಿನಂತೆ ಅದು ದೊರೆಯ ಹಿರಿಮಗನಿಗೆ ಹುಟ್ಟುತ್ತಲೇ ಬರುತ್ತದೆ. ಇವನಿಗೆ ದಕ್ಕಿದ್ದು ಅದೊಂದೇ.

ಫೆಬ್ರವರಿ 12, 13ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮಗ ಹುಟ್ಟಿದ ಸಂಭ್ರಮಕ್ಕೆ ಈಟಿಕಾಳಗದ ಉತ್ಸವ. ಅದರ ಚಿತ್ರಸುರುಳಿ ಇವತ್ತಿಗೂ ವಂಶಲಾಂಛನಗಳ ದಾಖಲೆ ಇಡುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನಲ್ಲಿದೆ. ಸುಮಾರು 60 ಅಡಿ ಉದ್ದದ ಚರ್ಮದ ಸುರುಳಿ. ರಾಣಿ ಕೂತು ನೋಡುತ್ತಿದ್ದಾಳೆ, ಹೆನ್ರಿ ಈಟಿ ಹಿಡಿದು ನುಗ್ಗುತ್ತಿದ್ದಾನೆ. ಅವನ ಕುದುರೆಯ ಹೊದಿಕೆಯ ಮೇಲೆ ಹೆಂಡತಿಯ ಹೆಸರಿನ ಮೊದಲಕ್ಷರ ಮತ್ತೆ ಮತ್ತೆ. ಇಷ್ಟೆಲ್ಲ ಯಾರಿಗಾಗಿಯೋ ಆ ಕೂಸು ಮಾತ್ರ ಅತ್ತ ರಿಚ್ಮಂಡ್‌ನಲ್ಲಿತ್ತು. ಎರಡನೆಯ ರಾತ್ರಿ ಜನ ನುಗ್ಗಿ ರಾಜನ ಉಡುಪಿನ ಬಂಗಾರದ ಅಕ್ಷರಗಳನ್ನೇ ಕಿತ್ತುಕೊಂಡರು; ಒಬ್ಬ ನಾವಿಕ ತನಗೆ ಸಿಕ್ಕಿದ್ದನ್ನು 3 ಪೌಂಡ್ 14 ಶಿಲಿಂಗ್ 8 ಪೆನ್ಸ್‌ಗೆ ಮಾರಿದ. ಒಂಬತ್ತೇ ದಿನ ಕಳೆದು, ಫೆಬ್ರವರಿ 22ರಂದು, ಮಗು ತೀರಿಕೊಂಡಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಿದರು.

ಏನಾಗಿತ್ತೆಂದು ಆಗ ಯಾರೂ ಬರೆದಿಡಲಿಲ್ಲ. ಈಗ ಕೆಲವರು ಹೆನ್ರಿಯ ರಕ್ತದಲ್ಲಿ ‘ಕೆಲ್’ ಎಂಬ ಅಂಶವಿತ್ತು, ಅದು ಬಂದ ಕೂಸಿನ ರಕ್ತದ ಮೇಲೆ ತಾಯಿಯ ಮೈಯೇ ತಿರುಗಿಬೀಳುತ್ತಿತ್ತು, ಅದಕ್ಕೇ ಮಕ್ಕಳು ಉಳಿಯಲಿಲ್ಲ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ತೊಂದರೆಯಲ್ಲಿ ಸಾಮಾನ್ಯವಾಗಿ ಮೊದಲ ಬಸಿರು ನೆಟ್ಟಗಿದ್ದು ಮುಂದಿನವು ಕೆಡುತ್ತವೆ. ಕ್ಯಾಥರಿನ್‌ಗೆ ಮೊದಲನೆಯದೇ ಹೋಯಿತು, ಎರಡನೆಯದು ಜೀವಂತ ಹುಟ್ಟಿತು. ಕೂಸುಗಳಿಗೆ ಜ್ವರ, ಭೇದಿಯೇ ಸಾಕಾಗುತ್ತಿದ್ದ ಕಾಲವದು.

ಆಮೇಲೂ ಅವಳು 1513ರಲ್ಲಿ, 1514ರಲ್ಲಿ ಗಂಡುಮಕ್ಕಳನ್ನೇ ಕಳೆದುಕೊಂಡಳು. 1518ರಲ್ಲಿ ಮತ್ತೊಂದು ಹೆಣ್ಣು. ಉಳಿದವಳು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. 1553ರಲ್ಲಿ ಪಟ್ಟಕ್ಕೆ ಬಂದು ಇಂಗ್ಲೆಂಡನ್ನು ಆಳಿದ್ದು ಆ ಹೆಣ್ಣುಮಗಳೇ.