ಪಾಲಿಕೆ ಐದು, ನೊಣ ಒಂದೇ

ಬೆಂಗಳೂರಿಗೆ ಹಬ್ಬಗಳ ಕೊರತೆ ಯಾವತ್ತೂ ಇರಲಿಲ್ಲ. ಕರಗ ಇದೆ, ಕಡಲೆಕಾಯಿ ಪರಿಷೆ ಇದೆ, ಅವರೆಬೇಳೆ ಮೇಳ ಇದೆ. 2025ರ ಅಕ್ಟೋಬರ್ ಕೊನೆಗೆ ಇನ್ನೊಂದು ಸೇರಿತು: ಕಸ ಸುರಿಯುವ ಹಬ್ಬ. ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದು, ಮೇಲೆ ದಂಡವನ್ನೂ ಹಾಕಿದ ಆ ಸಂಭ್ರಮವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿರುತ್ತೀರಿ. ಕ್ಯಾಮೆರಾ ಕಸವನ್ನು ತೋರಿಸಿತು, ಮನೆಯವರ ಪೆಚ್ಚು ಮುಖವನ್ನು ತೋರಿಸಿತು. ಹಬ್ಬದೂಟ ಉಂಡವರನ್ನು ಮಾತ್ರ ತೋರಿಸಲಿಲ್ಲ. ಪಾಪ, ನೊಣಗಳು. ಇಷ್ಟು ವರ್ಷ ಊಟಕ್ಕೆ ಬೀದಿ ಮೂಲೆಗೆ ಹೋಗಬೇಕಿತ್ತು. ಈಗ ಸರ್ಕಾರವೇ ಮನೆ ಬಾಗಿಲಿಗೆ ಬಡಿಸುತ್ತದೆ. ಮನೆ ಬಾಗಿಲಿಗೆ ಸೇವೆ ಅಂದರೆ ಇದೇ ಅಲ್ವಾ?

ನೊಣದ ವಿಷಯದಲ್ಲಿ ನಮ್ಮೂರಲ್ಲಿ ಒಂದು ಒಪ್ಪಂದವಿದೆ. ಬೀದಿ ಮೂಲೆಯಲ್ಲಿ ನೊಣ ಕೂತರೆ ಅದು ಯಾರ ತಪ್ಪೂ ಅಲ್ಲ. ಅದೇ ನೊಣ ಕಿಟಕಿ ದಾಟಿ ಒಳಗೆ ಬಂತೋ, ತಪ್ಪು ಮನೆಯೊಡತಿಯದು. ತಕ್ಷಣ ಸಲಹೆಗಳು ಶುರು. ನಿಂಬೆಹಣ್ಣು ಕತ್ತರಿಸಿ ಲವಂಗ ಚುಚ್ಚಿಡಿ. ಕರ್ಪೂರ ಹಚ್ಚಿ. ತುಳಸಿ ಕುಂಡವನ್ನು ಕಿಟಕಿ ಹತ್ತಿರ ಇಡಿ. ಇದು ನೊಣ ಓಡಿಸುವ ಸಾಮಾನೋ, ಸತ್ಯನಾರಾಯಣ ಪೂಜೆಯ ಪಟ್ಟಿಯೋ ಗೊತ್ತಾಗುವುದಿಲ್ಲ. ಬಟ್ಟಲಿಗೆ ವಿನೆಗರ್ ಹಾಕಿ ಪಾತ್ರೆ ತೊಳೆಯುವ ಸೋಪಿನ ಹನಿ ಬಿಡುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಬಿದ್ದು ಸಾಯುವುದು ಬಾಳೆಹಣ್ಣಿನ ಸುತ್ತ ಸುಳಿಯುವ ಪುಟ್ಟ ಹಣ್ಣುನೊಣ. ಕಸದಿಂದ ಎದ್ದು ಬಂದ ದೊಡ್ಡಣ್ಣ ಆ ಬಟ್ಟಲನ್ನು ಮೂಸಿಯೂ ನೋಡುವುದಿಲ್ಲ. ನೇರ ಚಟ್ನಿಗೆ ಹೋಗುತ್ತಾನೆ.

ಹೋಟೆಲಿನವರ ಉಪಾಯ ಇನ್ನೂ ಮೇಲು. ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಗಂಟು ಕಟ್ಟಿ, ಬಾಗಿಲಿಗೆ ನೇತುಹಾಕುತ್ತಾರೆ. ನೊಣ ನೀರಿನಲ್ಲಿ ತನ್ನದೇ ಭಯಂಕರ ರೂಪ ಕಂಡು ಓಡಿಹೋಗುತ್ತದಂತೆ. ಆ ಕವರಿನ ಮೇಲೆ ಆರಾಮಾಗಿ ಕೂತು ಕಾಲು ಉಜ್ಜಿಕೊಳ್ಳುವ ನೊಣಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಹುಶಃ ಅವಕ್ಕೆ ಕನ್ನಡಿ ಅಂದರೆ ಇಷ್ಟ. ಇದರ ದಾಯಾದಿಯೇ ಮನೆ ಗೇಟಿನ ಮುಂದೆ ಇಡುವ ಬಣ್ಣದ ನೀರಿನ ಬಾಟಲಿ. ನಾಯಿ ಬರದಿರಲಿ ಅಂತ. ಮೊದಲು ಕೆಂಪಿತ್ತು, ಆಮೇಲೆ ಯಾಕೋ ನೀಲಿಯಾಯಿತು. ನಾಯಿಗಳ ರುಚಿ ಬದಲಾಯಿತೇನೋ. ಈಗ ಅವು ಬಾಟಲಿಗೇ ಕಾಲೆತ್ತುತ್ತವೆ. ಇನ್ನು ಕಸ ಎಸೆಯುವ ಮನುಷ್ಯನಿಗೆ ಏನು? ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ಎಸೆಯುವ ಮೂಲೆ, ಗುಡಿಸಿ ರಂಗೋಲಿ. ಪಕ್ಕದಲ್ಲಿ ಎರಡು ಹೂಕುಂಡ. ಫೋಟೊ ತೆಗೆದ ಮೇಲೆ ಹೂಕುಂಡ ಹೋಗುತ್ತದೆ, ರಂಗೋಲಿಯ ಮೇಲೆ ಮತ್ತೆ ಕವರು ಬೀಳುತ್ತದೆ. ಅಂದರೆ ನಾಯಿಗೆ ಬಣ್ಣದ ನೀರು, ನೊಣಕ್ಕೆ ಬಣ್ಣವಿಲ್ಲದ ನೀರು, ಮನುಷ್ಯನಿಗೆ ನೀರಿಲ್ಲದ ಬಣ್ಣ. ನಮ್ಮ ನೈರ್ಮಲ್ಯ ನೀತಿ ಪೂರ್ತಿ ಇಷ್ಟರಲ್ಲಿ ಮುಗಿಯುತ್ತದೆ.

ನೊಣದ ಕಾರ್ಯದಕ್ಷತೆಯನ್ನು ಮೆಚ್ಚಲೇಬೇಕು. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ. ಸೆಕೆ ಇದ್ದರೆ ಒಂದು ದಿನದೊಳಗೆ ಹುಳು. 7ರಿಂದ 10 ದಿನದಲ್ಲಿ ರೆಕ್ಕೆ ಬಂದು ಹಾರಾಟ. ನಮ್ಮ ಕಚೇರಿಗಳಲ್ಲಿ ಅಷ್ಟರಲ್ಲಿ ದೂರಿಗೆ ನಂಬರ್ ಕೂಡ ಬಿದ್ದಿರುವುದಿಲ್ಲ. ಹಲ್ಲಿಲ್ಲದ ಪ್ರಾಣಿ. ಕಾಲಿನಲ್ಲೇ ರುಚಿ ನೋಡಿ, ಊಟದ ಮೇಲೆ ಜೊಲ್ಲು ಕಕ್ಕಿ, ಕರಗಿಸಿ ಹೀರುತ್ತದೆ. ಹಾಗಾಗಿ ಲೆಕ್ಕ ಬಹಳ ಸುಲಭ. ಹಸಿ ಕಸವನ್ನು ವಾರಕ್ಕೆ ಎರಡು ಸಲವಾದರೂ ತಪ್ಪದೆ ಎತ್ತಿ ಸಾಗಿಸಿದರೆ, ಹುಳುವಿಗೆ ರೆಕ್ಕೆ ಬರುವ ಮೊದಲೇ ಅದು ನಮ್ಮ ಬೀದಿ ಬಿಟ್ಟಿರುತ್ತದೆ. ಲವಂಗ ಬೇಡ, ಕರ್ಪೂರ ಬೇಡ. ಕಸ ಎತ್ತುವ ಆಟೊ ಟಿಪ್ಪರ್ ಬಂದರೆ ಸಾಕು. ಅದು ಬರುವುದಿಲ್ಲ. ಬಂದರೂ ನಾವು ಸ್ನಾನಕ್ಕೆ ಹೋದಾಗಲೇ ಬರುತ್ತದೆ. ಬದಲಿಗೆ ಸಂಜೆ ಫಾಗಿಂಗ್ ಯಂತ್ರ ಗುಡುಗುಡು ಬರುತ್ತದೆ. ಅದು ಸೊಳ್ಳೆಯ ಮದ್ದು. ನೊಣದ ಸಂಸಾರ ಕಸದ ಗುಡ್ಡೆಯೊಳಗೆ ಬೆಚ್ಚಗೆ ಬೆಳೆಯುತ್ತಿರುತ್ತದೆ. ಹೊಗೆ ಕುಡಿದು ಕೆಮ್ಮುವುದು ನಾವು.

ಹಾಗಂತ ಸುಮ್ನೆ ಕೆಮ್ಮುತ್ತಿಲ್ಲ, ದುಡ್ಡು ಕೊಟ್ಟು ಕೆಮ್ಮುತ್ತಿದ್ದೇವೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬಂತಲ್ಲ. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ.

ಇದೆಲ್ಲ ಬೇಡ ಅಂತ ಮನೆಯಲ್ಲೇ ಗೊಬ್ಬರ ಮಾಡಲು ಹೊರಟವರ ಪಾಡು ಬೇರೆ. ಟೆರೇಸಿನಲ್ಲಿ ಮಡಕೆ ಇಟ್ಟು ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ ತುಂಬುತ್ತಾರೆ. ಒಣ ಎಲೆ, ತೆಂಗಿನ ನಾರಿನ ಪುಡಿ ಹಾಕಿ ಸಾಕಷ್ಟು ಮುಚ್ಚದಿದ್ದರೆ ಒದ್ದೆ ಜಾಸ್ತಿಯಾಗಿ ನಾಲ್ಕು ಹುಳು ಕಾಣುತ್ತವೆ. ಎಷ್ಟೋ ಸಲ ಅದು ಕಪ್ಪು ಸೈನಿಕ ನೊಣದ ಹುಳು. ಪಾಪದ್ದು. ದೊಡ್ಡದಾದ ಮೇಲೆ ಅದು ಕಚ್ಚುವುದಿಲ್ಲ, ಅಡುಗೆಮನೆಗೆ ನುಗ್ಗುವ ಚಾಳಿಯೂ ಇಲ್ಲ. ಹುಳುವಾಗಿದ್ದಾಗ ಮಾತ್ರ ಹಸಿ ಕಸವನ್ನು ಗಬಗಬ ತಿಂದು ಮುಗಿಸುತ್ತದೆ. ಕೋಳಿ, ಮೀನಿನ ಮೇವಿಗಾಗಿ ಇದನ್ನೇ ಸಾಕುವವರಿದ್ದಾರೆ. ಆದರೆ ಪಕ್ಕದ ಮನೆಯವರಿಗೆ ಅದೆಲ್ಲ ಬೇಕಿಲ್ಲ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಫೋಟೊ, ಕೆಂಪು ಮುಖದ ಎಮೋಜಿ, ತುರ್ತು ಸಭೆ. ಗೇಟಿನಾಚೆ ಕೊಳೆಯುತ್ತಿರುವ ಗುಡ್ಡೆಯ ಬಗ್ಗೆ ಸಭೆ ಕರೆದದ್ದು ನಾನಂತೂ ಕೇಳಿಲ್ಲ. ಅದು ಅಸೋಸಿಯೇಷನ್ ವ್ಯಾಪ್ತಿಗೆ ಬರುವುದಿಲ್ಲವಂತೆ.

ವ್ಯಾಪ್ತಿ ಅಂದಾಗ ನೆನಪಾಯಿತು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಒಂದು ಪಾಲಿಕೆ ಐದಾಯಿತು. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮೇಲೊಂದು ಪ್ರಾಧಿಕಾರ. ಇದು ನೊಣಗಳಿಗೆ ಇನ್ನೂ ಗೊತ್ತಾದಂತಿಲ್ಲ. ಉತ್ತರದಲ್ಲಿ ಹುಟ್ಟಿ ಕೇಂದ್ರದಲ್ಲಿ ಉಪಾಹಾರ ಮಾಡುತ್ತಿವೆ. ದೂರು ಕೊಡುವವರು ಮೊದಲು ನೊಣದ ಹುಟ್ಟೂರು ಕೇಳಿಕೊಳ್ಳುವುದು ಒಳ್ಳೆಯದು. 2012ರಲ್ಲಿ ಬೀಜಿಂಗ್‌ನವರು ಸಾರ್ವಜನಿಕ ಶೌಚಾಲಯದಲ್ಲಿ ಎರಡಕ್ಕಿಂತ ಜಾಸ್ತಿ ನೊಣ ಇರಕೂಡದು ಅಂತ ನಿಯಮ ಮಾಡಿ ಜಗತ್ತಿನಿಂದೆಲ್ಲ ನಗಿಸಿಕೊಂಡರು. ನನಗೆ ನಗು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಆ ನಿಯಮ ಬಂದರೆ ಎಷ್ಟು ಉದ್ಯೋಗ! ನೊಣ ಎಣಿಸಲು ಟೆಂಡರ್, ಎಣಿಸಿದ್ದನ್ನು ಪರಿಶೀಲಿಸಲು ಇನ್ನೊಂದು ಸಂಸ್ಥೆ. ಗಂಡು ನೊಣ ಲೆಕ್ಕಕ್ಕೆ ಬರುತ್ತದೆಯೇ ಅಂತ ಹೈಕೋರ್ಟಿನಲ್ಲಿ ರಿಟ್.

ತಮಾಷೆ ಸಾಕು. ಈ ಊರಿನ ನೊಣ ನಿಜವಾಗಿ ತಿಂದದ್ದು ನಮ್ಮ ಚಟ್ನಿಯನ್ನಲ್ಲ. ಊರಾಚೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಕಸ ಸುರಿದೆವು. ಅಲ್ಲಿನ ಜನ ಬಾಗಿಲು ಹಾಕಿಸಿದಾಗ, 2012ರಲ್ಲಿ, ನಮ್ಮ ಬೀದಿಗಳು ಕೆಲವು ದಿನ ನಾರಿದವು, ಇಡೀ ದೇಶಕ್ಕೆ ಸುದ್ದಿಯಾಯಿತು. ಆಮೇಲೆ ಎಲ್ಲ ಲಾರಿ ಮಂಡೂರಿಗೆ. ಮಂಡೂರಿನವರು 2014ರಲ್ಲಿ ರಸ್ತೆಗಿಳಿದರು. ಡಿಸೆಂಬರ್‌ನಿಂದ ಕಸ ಬರುವುದಿಲ್ಲ ಅಂತ ಮುಖ್ಯಮಂತ್ರಿಗಳೇ ಮಾತು ಕೊಡಬೇಕಾಯಿತು. ಕಸ ನಿಂತಿತು. ಅಲ್ಲಿ ಮಾತ್ರ, ಅಷ್ಟೆ. ಆಮೇಲೆ ಬೆಳ್ಳಹಳ್ಳಿಯ ಕಲ್ಲುಕ್ವಾರಿ, ಆಮೇಲೆ ಮಿಟ್ಟಗಾನಹಳ್ಳಿಯದು. ಆ ಊರುಗಳಲ್ಲಿ ತಟ್ಟೆ ಮುಂದೆ ಕೂತರೆ ಒಂದು ಕೈ ಊಟಕ್ಕೆ, ಇನ್ನೊಂದು ಕೈ ನೊಣ ಓಡಿಸಲಿಕ್ಕೆ. ಅವರ ಮನೆ ಮುಂದೆ ನಾವು ಇಷ್ಟು ವರ್ಷ ನಡೆಸಿದ್ದು ಇದೇ ಹಬ್ಬವನ್ನು. ಅವರು ಯಾವ ಬೀದಿಗೆ ಕಸ ಎಸೆದಿದ್ದರು? ಅವರಿಗೆ ಯಾವ ತಪ್ಪಿಗೆ ದಂಡ? ಕಸವನ್ನು ಹಸಿ, ಒಣ ಅಂತ ಎರಡು ಬುಟ್ಟಿಗೆ ಹಾಕಲು ನಮಗೆ ಬೇಜಾರು, ಬೇರೆ ಮಾಡಿ ಕೊಟ್ಟದ್ದನ್ನೂ ಒಂದೇ ಲಾರಿಗೆ ಸುರಿಯುವವರಿಗೆ ಅವಸರ. ಆ ಲಾರಿ ಕಪ್ಪು ರಸ ಸೋರಿಸುತ್ತಾ ಊರಾಚೆ ಹೋಗುತ್ತದೆ. ಮಿಟ್ಟಗಾನಹಳ್ಳಿ ತುಂಬಿದ ಮೇಲೆ ಎಲ್ಲಿಗೆ ಅಂತ ಕೇಳಿದರೆ ಜಾಗ ಹುಡುಕುತ್ತಿದ್ದೇವೆ ಅನ್ನುತ್ತಾರೆ. ಹುಡುಕುವುದು ಮಲ್ಲೇಶ್ವರದಲ್ಲೂ ಅಲ್ಲ, ಸದಾಶಿವನಗರದಲ್ಲೂ ಅಲ್ಲ.